ಕಡಲ ಕಸ

ಧಾರವಾಡಕ್ಕೆ ಸಮುದ್ರವಿಲ್ಲ. ಕೆಲಗೇರಿಯಲ್ಲೊಂದು ಕೆರೆಯಿದೆ, ಶ್ರಾವಣದಲ್ಲಿ ಹಿಡಿದರೆ ಬಿಡದ ಜಿಟಿಜಿಟಿ ಮಳೆಯಿದೆ, ನೀರಿನ ಮಾತು ಅಲ್ಲಿಗೆ ಮುಗಿಯಿತು. ಅಂಥ ಊರಿನ ಕಾಲೇಜೊಂದರ ಮೂರನೇ ಮಹಡಿಯಲ್ಲಿ ಕೂತು ಸಮುದ್ರದ ತಳ ಹೇಗಿದೆಯೆಂದು ಹೇಳುತ್ತೇವೆ ಅಂದರೆ ಕೇಳಿದವರು ನಗದೆ ಇನ್ನೇನು ಮಾಡಿಯಾರು? ಕರುಣಾ ಈ ಕೆಲಸಕ್ಕೆ ಸೇರಿದ ದಿನ ಅವಳ ತಂದೆ ಅರ್ಜುನಪ್ಪ ಮಾಸ್ತರರೇ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು.

ಆದರೆ ಕೆಲಸ ಸುಳ್ಳಲ್ಲ. ಕರಾವಳಿಯಿಂದ ಹದಿನೈದು ಕಿಲೋಮೀಟರ್ ಸಮುದ್ರದೊಳಗೆ, ಮೂವತ್ತು ಮೀಟರ್ ಆಳದ ನೀರಿನಲ್ಲಿ, ಒಂದು ದೊಡ್ಡ ಪೀಪಾಯಿಯನ್ನು ಸರಪಳಿ ಹಾಕಿ ತೇಲಬಿಟ್ಟಿದ್ದರು. ಅದರ ಕೆಳಗೆ ಹದಿನಾರು ಮೈಕುಗಳು ಒಂದರ ಕೆಳಗೊಂದು ನೇತುಬಿದ್ದಿದ್ದವು. ಗಾಳಿಗೆ ಅಲೆ ಒಡೆದಾಗ ಆಗುವ ಸದ್ದು ನೀರಿನೊಳಗೆ ಇಳಿಯುತ್ತದೆ, ತಳಕ್ಕೆ ತಾಗಿ ಮೇಲೆ ಬರುತ್ತದೆ. ತಳದಲ್ಲಿ ಕೆಸರಿದ್ದರೆ ಸದ್ದನ್ನು ನುಂಗಿಬಿಡುತ್ತದೆ, ಬಂಡೆಯಿದ್ದರೆ ತಿರುಗಿ ಕಳಿಸುತ್ತದೆ. ಇಳಿದದ್ದೆಷ್ಟು, ಬಂದದ್ದೆಷ್ಟು ಎಂದು ಹೋಲಿಸಿದರೆ ಕಾಣದ ತಳದ ಗುಣ ಗೊತ್ತಾಗುತ್ತದೆ. ಮದ್ದು ಸಿಡಿಸಬೇಕಿಲ್ಲ, ಮೀನಿಗೆ ತ್ರಾಸಿಲ್ಲ. ಸಮುದ್ರ ತಾನೇ ಮಾತಾಡುತ್ತಿರುತ್ತದೆ, ನಾವು ಕೇಳಿಸಿಕೊಂಡರೆ ಸಾಕು ಎಂದು ಯೋಜನೆಯ ಮುಖ್ಯಸ್ಥ ರಾಜೀವ ಸರ್ ಭಾಷಣಗಳಲ್ಲಿ ಹೇಳುತ್ತಿದ್ದರು. ಚಪ್ಪಾಳೆಯೂ ಬೀಳುತ್ತಿತ್ತು.

ತೊಡಕು ಒಂದೇ. ಈ ಲೆಕ್ಕಕ್ಕೆ ಸಮುದ್ರದ್ದೇ ಸದ್ದು ಬೇಕು, ಮನುಷ್ಯರದ್ದು ಬೇಡ. ದೋಣಿಯ ಇಂಜಿನ್ನಿನ ಸದ್ದು ಪಕ್ಕದಿಂದ ನುಗ್ಗಿ ಎಲ್ಲ ಕೆಡಿಸುತ್ತದೆ. ಆದ್ದರಿಂದ ಮೂರು ತಾಸಿಗೊಮ್ಮೆ ಪೀಪಾಯಿ ಮೊಬೈಲ್ ಟವರಿನ ಮೂಲಕ ಕಳಿಸುವ ಸದ್ದನ್ನು ಮೊದಲು ಹಸನು ಮಾಡಬೇಕು. ಅದು ಕರುಣಾಳ ಕೆಲಸ. ಸದ್ದು ಅಂದೆನೇ ಹೊರತು ಅವಳು ಕಿವಿಯಿಂದ ಕೇಳುತ್ತಿದ್ದಳೆಂದು ತಿಳಿಯಬೇಡಿ. ದಿನಕ್ಕೆ ಇಪ್ಪತ್ನಾಲ್ಕು ತಾಸಿನ ಸದ್ದನ್ನು ಕೇಳುತ್ತ ಕೂತರೆ ಆಯುಷ್ಯ ಸಾಲದು. ಕಂಪ್ಯೂಟರು ಅದನ್ನು ಚಿತ್ರ ಮಾಡಿ ತೋರಿಸುತ್ತದೆ. ಇಂಜಿನ್ ಬಂತೆಂದರೆ ಚಿತ್ರದಲ್ಲಿ ಬಾಚಣಿಕೆಯ ಹಲ್ಲಿನಂತೆ ಗೆರೆಗಳು ಏಳುತ್ತವೆ. ಅಷ್ಟು ಭಾಗಕ್ಕೆ ಪೆಟ್ಟಿಗೆ ಎಳೆದು, ಕೆಳಗೆ ‘ಕಸ’ ಎಂದು ಬರೆದು, ತನ್ನ ಹೆಸರಿನ ಮೊದಲಕ್ಷರ ಹಾಕಿದರೆ ಮುಗಿಯಿತು. ಆ ಹೆಸರು ಇಟ್ಟವರು ರಾಜೀವ ಸರ್.

ಕಸ ಎಂಬ ಮಾತು ಕರುಣಾಳಿಗೆ ಮೊದಮೊದಲು ಚುಚ್ಚುತ್ತಿತ್ತು. ಅವಳ ಅಜ್ಜಿ ಶೇವಂತೆವ್ವ ಮೂವತ್ತೊಂದು ವರ್ಷ ಹುಬ್ಬಳ್ಳಿಯ ದುರ್ಗದಬೈಲಿನಲ್ಲಿ ಮುನಸಿಪಾಲ್ಟಿಯ ಕಸ ಗುಡಿಸಿದವಳು. ಅದೇ ದುಡಿಮೆಯಲ್ಲಿ ಮಗನನ್ನು ಮಾಸ್ತರನನ್ನಾಗಿ ಮಾಡಿದಳು, ಮೊಮ್ಮಗಳು ಎಂ.ಎಸ್ಸಿ. ಮಾಡಿದ್ದನ್ನು ಕಣ್ತುಂಬ ನೋಡಿ ಸತ್ತಳು. ಮೊಮ್ಮಗಳು ಫ್ಯಾನಿನ ಕೆಳಗೆ ಕೂತು ಸಮುದ್ರದ ಕಸ ಗುಡಿಸುತ್ತಾಳೆಂದು ಗೆಳತಿಯರು ಚೇಷ್ಟೆ ಮಾಡಿದರೆ ಕರುಣಾ ನಕ್ಕರೂ ಒಳಗೆ ಉರಿಯುತ್ತಿದ್ದಳು. ಆಮೇಲೆ ರೂಢಿಯಾಯಿತು. ರೂಢಿಯಾದದ್ದಷ್ಟೇ ಅಲ್ಲ, ಅವಳ ಕೈ ಎಷ್ಟು ಚುರುಕಾಯಿತೆಂದರೆ ಇಡೀ ದಿನದ ಸದ್ದನ್ನು ಇಪ್ಪತ್ತು ನಿಮಿಷದಲ್ಲಿ ಹಸನು ಮಾಡತೊಡಗಿದಳು. ಆಗಸ್ಟಿನಲ್ಲಿ ಒಮ್ಮೆ ಲಂಗರಿನ ಸರಪಳಿ ಸಡಿಲಾಗಿ ಬಡಿದುಕೊಳ್ಳುತ್ತಿದೆಯೆಂದು ಚಿತ್ರ ನೋಡಿಯೇ ಪತ್ತೆ ಹಚ್ಚಿದ್ದಳು. ಬಿಗಿ ಮಾಡಿಸಿರೆಂದು ಕರಾವಳಿಯ ತಂಡಕ್ಕೆ ಪತ್ರವನ್ನೂ ಬರೆದಿದ್ದಳು. ರಾಜೀವ ಸರ್ ಎಲ್ಲರ ಮುಂದೆ ಶಹಬ್ಬಾಸ್ ಅಂದಿದ್ದರು.

ಅಜ್ಜಿಯದೊಂದು ಪದ್ಧತಿಯಿತ್ತು. ದುರ್ಗದಬೈಲಿನ ಪಕ್ಕದಲ್ಲೇ ಸರಾಫರ ಅಂಗಡಿಗಳು. ಅಲ್ಲಿಯ ಧೂಳಿನಲ್ಲಿ ಬಂಗಾರದ ಪುಡಿ ಬಿದ್ದಿರುತ್ತದೆಂದು ಗುಡಿಸುವವರು ಅದನ್ನು ಜಾಲಾಡದೆ ಚೆಲ್ಲುತ್ತಿರಲಿಲ್ಲ. ಶೇವಂತೆವ್ವ ಅಷ್ಟಕ್ಕೇ ನಿಲ್ಲದೆ ಕಾಯಿಪಲ್ಲೆ ಪೇಟೆಯ ಕೊಳೆತ ಸೊಪ್ಪನ್ನೂ ಒಮ್ಮೆ ಕೈಯಾಡಿಸಿಯೇ ಬಂಡಿಗೆ ಹಾಕುತ್ತಿದ್ದಳು. ಒಮ್ಮೆ ಯಾರದೋ ತಾಳಿ ಸಿಕ್ಕಿತ್ತು, ಒಮ್ಮೆ ಪರೀಕ್ಷೆಯ ಚೀಟಿ. ಹುಡುಕಿಕೊಂಡು ಹೋಗಿ ಕೊಟ್ಟು ಬಂದಿದ್ದಳು. ಮೊಮ್ಮಗಳಿಗೆ ಈ ಕತೆಗಳೆಲ್ಲ ಬಾಯಿಪಾಠ. ಆದರೆ ಕಂಪ್ಯೂಟರಿನ ಮುಂದೆ ಕೂತಾಗ ಅವು ನೆನಪಾಗಲಿಲ್ಲ, ಇಪ್ಪತ್ತು ನಿಮಿಷದ ಹೆಮ್ಮೆಯೇ ದೊಡ್ಡದಾಯಿತು.

ಕಾಲೇಜಿನ ಡೀಸೆಲ್ ಜನರೇಟರನ್ನು ನೋಡಿಕೊಳ್ಳುತ್ತಿದ್ದವರು ಹುಬ್ಬಳ್ಳಿ ಹತ್ತಿರದ ಗಬ್ಬೂರಿನ ಕಾಸಿಮಸಾಬರು. ಬೈಪಾಸಿನ ಪಕ್ಕದಲ್ಲಿ ಅವರ ಗ್ಯಾರೇಜು. ಲಾರಿಯ ಇಂಜಿನ್ ಬಿಚ್ಚಿ ಕಟ್ಟುವುದರಲ್ಲಿ ಅವರನ್ನು ಮೀರಿಸಿದವರಿಲ್ಲವೆಂದು ಹುಬ್ಬಳ್ಳಿಯ ಡ್ರೈವರುಗಳು ಇಂದಿಗೂ ಹೇಳುತ್ತಾರೆ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿಗೂ ಹಿಡಿಯನ್ನು ಕಿವಿಗೂ ಒತ್ತಿ ಹಿಡಿದು, ಕಣ್ಣು ಮುಚ್ಚಿ ನಿಂತರೆಂದರೆ ಒಳಗೆ ಯಾವ ಬೇರಿಂಗ್ ಸವೆದಿದೆಯೆಂದು ಹೇಳುತ್ತಿದ್ದರು. ಒಬ್ಬನೇ ಮಗ ಇಕ್ಬಾಲ ಅದೇ ವಿದ್ಯೆ ಕಲಿತಿದ್ದ. ಅವರ ಗ್ಯಾರೇಜಿನಲ್ಲೊಂದು ಕಟ್ಟಳೆಯಿತ್ತು. ಅಲ್ಲಿಯ ಗದ್ದಲದಲ್ಲಿ ಕೂಗಿದರೆ ಕೇಳುವುದಿಲ್ಲ. ಆದ್ದರಿಂದ ಗಾಡಿಯ ಅಡಿಯಲ್ಲಿ ಮಲಗಿದವನು ನಟ್ಟು ಬಿಚ್ಚುವ ಪಾನದಿಂದ ಗಾಡಿಯ ಚಾಸಿಗೆ ಮೂರು ಏಟು ಹಾಕಬೇಕು, ಸ್ವಲ್ಪ ತಡೆದು ಮತ್ತೆ ಮೂರು. ಕೆಳಗೆ ಇದ್ದೇನೆ, ಗಾಡಿ ಚಾಲೂ ಮಾಡಬೇಡ ಎಂದರ್ಥ. ಮೇಲಿದ್ದವನು ಒಂದೇ ಏಟು ಹಾಕಿ ಕೇಳಿತು ಎನ್ನಬೇಕು. ಆ ಒಂದು ಏಟು ಬರುವವರೆಗೆ ಕೆಳಗಿನವನು ಬಡಿಯುವುದನ್ನು ಬಿಡುವಂತಿಲ್ಲ.

ಜೂನ್ ಜುಲೈಯಲ್ಲಿ ಮೀನುಗಾರಿಕೆ ಬಂದ್ ಆಗಿ ಬೋಟುಗಳು ದಡ ಹತ್ತಿದಾಗ ಅವುಗಳ ಇಂಜಿನ್ನುಗಳು ಲಾರಿಯೇರಿ ಹುಬ್ಬಳ್ಳಿಗೆ ಬರುತ್ತವೆ. ಈ ವರ್ಷ ಅಂಥದೊಂದನ್ನು ತಂದೆ ಮಗ ಸೇರಿ ಹೊಸದಾಗಿ ಕಟ್ಟಿದ್ದರು. ಅದನ್ನು ಬೋಟಿನಲ್ಲಿ ಕೂಡಿಸಲು ಇಕ್ಬಾಲ ಕರಾವಳಿಗೆ ಹೋದ. ಕೂಡಿಸಿ ಸುಮ್ಮನೆ ಬರಬಹುದಿತ್ತು. ಮೊದಲ ಸುತ್ತಿಗೆ ತಾನೂ ಹೋಗಿ ಇಂಜಿನ್ ಹೇಗೆ ನಡೆಯುತ್ತದೆ ನೋಡಿ ಬರುತ್ತೇನೆಂದು ಆಗಸ್ಟ್ ನಾಲ್ಕರಂದು ಫೋನು ಮಾಡಿ ಹೇಳಿ ಬೋಟು ಹತ್ತಿದ. ಐವರಿದ್ದರು. ಮರುದಿನ ಗಾಳಿ ಎದ್ದಿತು. ಬೋಟು ತಿರುಗಿ ಬರಲಿಲ್ಲ. ಬಡಗಣ ದಿಕ್ಕಿಗೆ ಹೋಗುತ್ತೇವೆಂದಿದ್ದರು ಎಂದು ಮಾಲಕ ಹೇಳಿದ್ದರಿಂದ ಮೂರು ದಿನ ಬಡಗಣವನ್ನೇ ಜಾಲಾಡಿದರು. ಎಂಟನೇ ತಾರೀಕಿಗೆ ಹುಡುಕಾಟ ನಿಂತಿತು.

ಅಂದಿನಿಂದ ಆ ಮನೆಯಲ್ಲಿ ಅಳುವುದೋ ಕಾಯುವುದೋ ಯಾರಿಗೂ ಗೊತ್ತಿಲ್ಲ. ಯಾವುದೋ ಹಡಗಿನವರು ಎತ್ತಿಕೊಂಡು ಹೋಗಿರುತ್ತಾರೆಂದು ಯಾರೋ ಅಂದದ್ದನ್ನು ತಾಯಿ ಕರೀಮಾಬಿ ಗಟ್ಟಿಯಾಗಿ ಹಿಡಿದುಕೊಂಡಳು. ದೇಹವಿಲ್ಲದಿದ್ದರೂ ನಮಾಜು ಮಾಡಿಸಬಹುದೆಂದು ಹಿರಿಯರು ಹೇಳಲು ಬಂದಾಗ, ಜೀವಂತ ಮಗನಿಗೆ ಮಣ್ಣಿನ ನಮಾಜು ಮಾಡಿಸುತ್ತೀರಾ ಎಂದು ಬಾಗಿಲು ಹಾಕಿಕೊಂಡಳಂತೆ. ದಿನಾ ಸಂಜೆ ಎರಡು ರೊಟ್ಟಿ ಬಟ್ಟೆಯಲ್ಲಿ ಸುತ್ತಿ ಎತ್ತಿಡುತ್ತಾಳೆ. ಬೆಳಗಿಗೆ ಅವನ್ನು ಕಾಸಿಮಸಾಬರೇ ತಿನ್ನುತ್ತಾರೆ.

ಸೆಪ್ಟೆಂಬರಿನ ಕೊನೆಯ ವಾರ ಕಾಸಿಮಸಾಬರು ಹುಬ್ಬಳ್ಳಿ ಧಾರವಾಡದ ನಡುವೆ ಓಡುವ ಚಿಗರಿ ಬಸ್ಸು ಹಿಡಿದು ಕಾಲೇಜಿಗೆ ಬಂದರು. ಜನರೇಟರಿನ ಎಣ್ಣೆ ಬದಲಿಸಿದರು, ಸ್ಕ್ರೂಡ್ರೈವರು ಕಿವಿಗೆ ಹಿಡಿದು ಕೇಳಿದರು, ಕೈ ಒರೆಸಿಕೊಂಡರು. ಆಮೇಲೆ ಎಂದೂ ಹತ್ತದ ಮೂರನೇ ಮಹಡಿ ಹತ್ತಿ, ಯಾರೂ ಹೇಳದಿದ್ದರೂ ಚಪ್ಪಲಿಯನ್ನು ಹೊರಗೆ ಬಿಟ್ಟು ಒಳಗೆ ಬಂದರು. ಎರಡು ತಿಂಗಳಲ್ಲಿ ಅವರ ಅಂಗಿ ಅವರಿಗೇ ದೊಡ್ಡದಾಗಿತ್ತು.

“ಸಮುದ್ರದಾಗ ನಿಮ್ಮವು ಮೈಕ್ ಅದಾವಂತಲ್ರಿ ಸರ್” ಎಂದರು ರಾಜೀವ ಸರ್ ಅವರಿಗೆ. “ನಮ್ಮ ಬೋಟಿನ ಸಪ್ಪಳ ಏನರ ಬಂದಿದ್ರ ಒಂದೀಟು ಕೇಳಸ್ರಿ. ಆ ಇಂಜಿನ್ ನಾನ ಕಟ್ಟೇನಿ, ಗುರುತು ಹಿಡೀತೇನಿ. ನನ್ನ ಕೈಯಿಂದ ಏನರ ತಪ್ಪಾಗಿ ಇಂಜಿನ್ ನಿಂತಿತೇನು, ಅಷ್ಟ ಗೊತ್ತಾಗಬೇಕು. ಆಕೀಗೂ ಏನರ ಒಂದು ಹೇಳಬೇಕಲ್ರಿ.”

ರಾಜೀವ ಸರ್ ಕೆಟ್ಟವರಲ್ಲ. ಅವರು ಹೇಳಿದ್ದೂ ಸುಳ್ಳಲ್ಲ. ದೋಣಿಯ ಸದ್ದು ತಮಗೆ ಬೇಡದ್ದು, ಅದನ್ನೆಲ್ಲ ತೆಗೆದುಹಾಕಿಯೇ ಕೆಲಸ ಮಾಡುವುದು ಎಂದು ಸಮಾಧಾನದಿಂದ ತಿಳಿಸಿ, ಭುಜ ತಟ್ಟಿ, ಪಾಠಕ್ಕೆ ಹೊತ್ತಾಯಿತೆಂದು ಹೊರಟುಹೋದರು. ಆದರೆ ಹಸನು ಮಾಡುವ ಮೊದಲಿನ ಸದ್ದು ತೊಂಬತ್ತು ದಿನ ಕಂಪ್ಯೂಟರಿನ ಬೇರೊಂದು ಡಬ್ಬಿಯಲ್ಲಿ ಉಳಿದಿರುತ್ತದೆ. ಅದು ಕರುಣಾಳಿಗೆ ಗೊತ್ತಿತ್ತು. ಹೋದವರ ಬೆನ್ನು ನೋಡಿದಳು, ನಿಂತವರ ಮುಖ ನೋಡಿದಳು. ಕೂಡ್ರಿ ಕಾಕಾ ಎಂದು ಕುರ್ಚಿ ಎಳೆದುಕೊಟ್ಟಳು.

ಹೆಡ್‌ಫೋನು ಒಂದೇ ಇತ್ತು. ಅದನ್ನು ಅವರ ಕಿವಿಗೆ ಹಾಕಿ, ತಾನು ಕೇಳಲು ಸಣ್ಣ ಸ್ಪೀಕರನ್ನೂ ಹಚ್ಚಿದಳು. ಗಾಳಿ ಎದ್ದ ದಿನದ ಇಂಜಿನ್ ಗೆರೆಗಳನ್ನು ಹುಡುಕಿ, ಅವಕ್ಕೂ ಸ್ವಲ್ಪ ಮೊದಲಿನಿಂದ ಹಚ್ಚಿದಳು. ಆಗಸ್ಟ್ ಐದು, ಸಂಜೆ ನಾಲ್ಕು ಗಂಟೆ. ಮೊದಲು ಬಂದದ್ದು ಬರೀ ಅಲೆಗಳ ಸದ್ದು. ಎಣ್ಣೆಯಲ್ಲಿ ಭಜಿ ಬಿಟ್ಟ ಹಾಗೆ ಐತಲ್ಲ ಎಂದರು ಕಾಸಿಮಸಾಬರು. ಐದು ವರ್ಷದಿಂದ ಇದೇ ಸದ್ದಿನ ಮೇಲೆ ಕೆಲಸ ಮಾಡುತ್ತಿದ್ದ ಕರುಣಾ ಅದನ್ನು ಇಷ್ಟು ಹೊತ್ತು ಕಿವಿಗೊಟ್ಟು ಕೇಳುತ್ತಿದ್ದದ್ದು ಅದೇ ಮೊದಲು. ನಾಲ್ಕೂ ಹತ್ತಕ್ಕೆ ದೂರದಲ್ಲಿ ಒಂದು ಇಂಜಿನ್ನು ಎದ್ದಿತು. ಅವರು ಕೈಯೆತ್ತಿದರು.

“ನಮ್ಮದ ಇದು. ಎರಡನೇ ವಾಲ್ವಿನ ಟ್ಯಾಪೆಟ್ ಒಂದ ಎಳಿ ಸಡ್ಲ ಬಿಟ್ಟಿದ್ದೆ, ಕೇಳು.”

ಕರುಣಾಳಿಗೆ ಎಳೆಯೂ ಕೇಳಲಿಲ್ಲ, ಟ್ಯಾಪೆಟ್ಟೂ ಕೇಳಲಿಲ್ಲ. ಇಂಜಿನ್ನು ಹತ್ತಿರ ಬಂದಿತು, ನಲವತ್ತು ನಿಮಿಷ ಅಲ್ಲೇ ಸುತ್ತ ತಿಣುಕಾಡಿತು. ಬೋಟು ಬಡಗಣಕ್ಕೆ ಹೋಗಿರಲೇ ಇಲ್ಲ. ಗಾಳಿಗೆ ಹೆದರಿ ದಡದ ಕಡೆ ತಿರುಗಿದ್ದಿರಬೇಕು. ಒಮ್ಮೆಲೇ ಸದ್ದು ಚೀರಿಕೊಂಡು ಮೇಲೇರಿತು. ಧಡ್ ಎಂದು ಏನೋ ಬಿದ್ದ ಹಾಗಾಯಿತು, ಆಮೇಲೆ ಇಂಜಿನ್ನಿಲ್ಲ.

ಕಾಸಿಮಸಾಬರು ಹೆಡ್‌ಫೋನನ್ನು ಎರಡೂ ಕೈಯಿಂದ ಕಿವಿಗೆ ಒತ್ತಿಕೊಂಡರು. ಇಂಜಿನ್ ಕೆಟ್ಟಿಲ್ಲ ಎಂದರು. ಅಲೆಗೆ ಬೋಟು ಎದ್ದು ಅದನ್ನು ದೂಡುವ ಹಿಂದಿನ ಫ್ಯಾನು ನೀರು ಬಿಟ್ಟು ಮೇಲೆ ಬಂದಿತು, ಅದಕ್ಕೇ ಹಾಗೆ ಚೀರಿತು, ಬೋಟು ಮಗುಚಿದೆ, ಇಂಜಿನ್ನು ಕೊನೆಯವರೆಗೂ ದುಡಿದಿದೆ ಎಂದು ತಡೆತಡೆದು ಹೇಳಿದರು. ಅಲ್ಹಮ್ದುಲಿಲ್ಲಾ ಎಂಬ ಮಾತು ಅವರ ಬಾಯಿಂದ ತಾನಾಗಿ ಹೊರಬಿತ್ತು. ಮರುಗಳಿಗೆಯೇ ಯಾವುದಕ್ಕೆ ಹಾಗೆಂದೆನೆಂದು ತಿಳಿದು ನಾಚಿಕೊಂಡು ಮುಖ ಒರೆಸಿಕೊಂಡರು. ಎರಡು ತಿಂಗಳು ಎದೆಯ ಮೇಲಿದ್ದ ಭಾರ ಇಳಿಯಿತೆಂದು ಕರುಣಾಳಿಗೂ ಹಗುರಾಯಿತು. ಇಷ್ಟಕ್ಕೆ ಸಾಕೆಂದು ನಿಲ್ಲಿಸಲು ಕೈ ಚಾಚಿದಳು.

ಆಗ ಅವಳ ಕಣ್ಣು ಪರದೆಯ ಮೇಲೆ ಬಿತ್ತು. ಇಂಜಿನ್ನಿನ ಗೆರೆಗಳು ನಿಂತ ಅರ್ಧ ತಾಸಿನ ಆಚೆ ಸಣ್ಣ ಸಣ್ಣ ಚುಕ್ಕೆಗಳು. ಅವುಗಳ ಸುತ್ತ ಒಂದು ಪೆಟ್ಟಿಗೆ, ಕೆಳಗೆ ಅವಳದೇ ಬರಹ. ‘ಸರಪಳಿ. ಕಸ. ಕ.’

ಅವಳ ಬೆರಳು ತಾನಾಗಿ ಸದ್ದನ್ನು ಅಲ್ಲಿಗೆ ಎಳೆಯಿತು. ನಿಂದ್ರು ಎಂದರು ಕಾಸಿಮಸಾಬರು. ಸ್ಪೀಕರಿನಲ್ಲಿ ಭಜಿಯ ಸದ್ದಿನ ನಡುವೆ ಟಣ್ ಟಣ್ ಟಣ್. ಬಿಡುವು. ಟಣ್ ಟಣ್ ಟಣ್.

ಅವರು ಕುರ್ಚಿಯಿಂದ ಎದ್ದು ನಿಂತರು. ಹೆಡ್‌ಫೋನಿನ ತಂತಿ ಜಗ್ಗಿತು. ಜೇಬಿನಿಂದ ಸ್ಕ್ರೂಡ್ರೈವರು ತೆಗೆದು ಅದರ ಹಿಡಿಯಿಂದ ಕಬ್ಬಿಣದ ಮೇಜಿಗೆ ಒಂದೇ ಒಂದು ಏಟು ಹಾಕಿದರು. ಟಣ್ ಟಣ್ ಟಣ್ ಎಂದಿತು ಸ್ಪೀಕರು. ಅವರು ಮತ್ತೆ ಒಂದು ಏಟು ಹಾಕಿದರು, ಈ ಸಲ ಜೋರಾಗಿ. ಕರುಣಾ ಹೆದರಿ ಕಾಕಾ, ಕಾಕಾ ಎಂದು ಅವರ ತೋಳು ಹಿಡಿದಳು.

“ಕೆಳಗ ಅದೇನಿ ಅನ್ನಾಕತ್ತಾನ” ಎಂದರು ಅವರು. “ನನ್ನ ಮಗ. ಬೋಟಿನ ಒಳಗ ಅದಾನ.”

ಗ್ಯಾರೇಜಿನ ಕಟ್ಟಳೆಯನ್ನು ಅವರು ಹೇಳಿದಾಗಲೇ ಅವಳಿಗೆ ತಿಳಿದದ್ದು. ಮಗುಚಿ ಮುಳುಗಿದ ಬೋಟಿನ ಇಂಜಿನ್ ಕೋಣೆಯಲ್ಲಿ ಗಾಳಿ ಸಿಕ್ಕಿಕೊಂಡಿರುತ್ತದೆ. ಅಷ್ಟರಲ್ಲಿ ತಲೆ ಮೇಲಿಟ್ಟು, ಕೈಗೆ ಸಿಕ್ಕ ಪಾನದಿಂದ, ಕೇಳುವವರು ಯಾರಾದರೂ ಇರಬಹುದೆಂದು ಅವನು ಬಡಿದಿದ್ದ. ಅವನ ಹತ್ತಿರದಲ್ಲೇ ಹದಿನಾರು ಮೈಕುಗಳು ನೇತಾಡುತ್ತಿದ್ದವು. ಸದ್ದು ಬಂದಿತ್ತು. ಅದೂ ಪಕ್ಕದಿಂದಲ್ಲ, ಕೆಳಗೆ ತಳದಿಂದ ಬಂದಿತ್ತು. ದೋಣಿಯ ಸದ್ದು ಪಕ್ಕದಿಂದ, ಅಲೆಯ ಸದ್ದು ಮೇಲಿಂದ. ತಳ ತಾನಾಗಿ ಏನನ್ನೂ ಬಡಿಯುವುದಿಲ್ಲ. ಇದು ಈ ವಿದ್ಯೆಯ ಮೊದಲ ಪಾಠ. ಕರುಣಾ ಅಂದು ಅದನ್ನು ಕಂಡಿದ್ದಳು, ಒಂದು ಗಳಿಗೆ ಯೋಚಿಸಿಯೂ ಇದ್ದಳು. ತಳದಲ್ಲಿರುವುದು ಲಂಗರಿನ ಸರಪಳಿಯೊಂದೇ ಎಂದು ತೀರ್ಮಾನಿಸಿ ಪೆಟ್ಟಿಗೆ ಎಳೆದಿದ್ದಳು. ಕೇಳಿ ನೋಡಲು ಸ್ಪೀಕರಿನ ಗುಂಡಿ ಅಂದೂ ಅವಳ ಕೈಗೆ ಒಂದು ಗೇಣು ದೂರದಲ್ಲಿತ್ತು.

“ಎಲ್ಲೀತನಕ ಐತಿ?” ಎಂದು ಕೇಳಿದರು ಕಾಸಿಮಸಾಬರು.

ಅವರಿಗೆ ಪರದೆಯ ಮೇಲಿನ ತಾರೀಕುಗಳನ್ನು ಓದಲು ಬರುತ್ತಿರಲಿಲ್ಲ. ಇಲ್ಲಿಗೇ ಮುಗಿಯಿತು ಕಾಕಾ ಎಂದರೆ ಮುಗಿಯುತ್ತಿತ್ತು. ಸರಪಳಿ ಅದು, ನಿಮಗೆ ಹಾಗೆ ಕೇಳಿಸಿತು ಎಂದೂ ಹೇಳಬಹುದಿತ್ತು. ಆ ಮಾತು ಅವಳ ನಾಲಿಗೆಯ ತುದಿಗೂ ಬಂದಿತ್ತು. ಇದ್ದದ್ದನ್ನು ಇದ್ದ ಹಾಗೆ ಹೇಳಬೇಕು, ಬಂದಿತ್ತು. ಆದರೆ ಕಿವಿಗೆ ಹೆಡ್‌ಫೋನು ಹಾಕಿಕೊಂಡು ನಿಂತ ಆ ಮುದುಕನಿಗೆ ಕಿವಿಯ ವಿಷಯದಲ್ಲಿ ಸುಳ್ಳು ಹೇಳಲು ಅವಳ ಬಾಯಿ ಏಳಲಿಲ್ಲ. ತಾರೀಕು, ಹೊತ್ತು ಓದಿ ಹೇಳುತ್ತ ಸದ್ದನ್ನು ಮುಂದಕ್ಕೆ ಎಳೆದಳು. ಆರನೇ ತಾರೀಕು ಬೆಳಗು, ಮೂರು ಏಟು. ಆರನೇ ತಾರೀಕು ಹನ್ನೊಂದೂವರೆ, ಅವಳು ಚಹಾ ಕುಡಿಯುತ್ತ ಪೆಟ್ಟಿಗೆ ಎಳೆದ ಹೊತ್ತು, ಮೂರು ಏಟು. ಸಂಜೆ ಸರಪಳಿಯ ಪತ್ರ ಬರೆದ ಹೊತ್ತು, ಮೂರು ಏಟು. ಏಳನೇ ತಾರೀಕು ಬಿಡುವುಗಳು ಉದ್ದವಾದವು. ಏಟುಗಳು ಎರಡಾದವು, ಒಮ್ಮೊಮ್ಮೆ ಒಂದೇ. ಮಧ್ಯಾಹ್ನ ಎರಡೂ ನಲವತ್ತಕ್ಕೆ ಮತ್ತೆ ಸರಿಯಾಗಿ ಮೂರು ಬಂದವು. ಆಮೇಲೆ ಬರೀ ಅಲೆಗಳ ಸದ್ದು. ಎಷ್ಟು ಎಳೆದರೂ ಅದೇ.

ಕಾಸಿಮಸಾಬರು ಹೆಡ್‌ಫೋನು ತೆಗೆದು ಮೇಜಿನ ಮೇಲೆ ಮೆಲ್ಲಗೆ ಇಟ್ಟರು. ಎರಡು ದಿನ ಎಂದರು. ಆಮೇಲೆ ಅವಳು ಹೆದರಿಕೊಂಡಿದ್ದ ಪ್ರಶ್ನೆಯನ್ನು ಕೇಳಿದರು.

“ಇದು ನಿಮ್ಮ ಕಡೆ ಯಾವಾಗ ಬಂತು? ಈಗ ಬಂತೋ, ಆವಾಗ ಬಂದಿತ್ತೋ?”

“ಆವಾಗ ಬಂದಿತ್ರಿ ಕಾಕಾ. ಅವಾ ಬಡಿಯೂಮುಂದನ ಬಂದಿತ್ತು. ನಾನ ಕಸ ಅಂತ ತಗದು ಹಾಕೇನಿ.”

ಅವರು ಬಯ್ಯಲಿಲ್ಲ. ಬೈದಿದ್ದರೆ, ಎರಡು ಏಟು ಹಾಕಿದ್ದರೂ ಅವಳಿಗೆ ಒಳ್ಳೆಯದಿತ್ತು. ಕಿಟಕಿಯ ಹತ್ತಿರ ಹೋಗಿ ಕೆಳಗೆ ನೋಡಿದರು. ಕೆಳಗೆ ಜನರೇಟರು ಹತ್ತಿತ್ತು, ಅವರು ಈಗಷ್ಟೇ ಹಸನು ಮಾಡಿದ್ದರಿಂದ ಒಂದೇ ಸಮನೆ ಓಡುತ್ತಿತ್ತು. ಆಮೇಲೆ ಅವಳ ಕಡೆ ತಿರುಗಿದರು.

“ಕರೀಮಾಬಿಗೆ ಹತ್ತು ನಿಮಿಷ ಅಂತ ಹೇಳ್ತೇನಿ. ನೀನೂ ಹಂಗ ಹೇಳಬೇಕು ಯವ್ವಾ. ಹತ್ತ ನಿಮಿಷದಾಗ ಮುಗದಿತ್ತು ಅಂತ. ಆಣಿ ಮಾಡು.”

ಅವಳು ಆಣೆ ಮಾಡಿದಳು.

ಜಾಗ ಕಂಡುಹಿಡಿಯಲು ಹೊತ್ತು ಹಿಡಿಯಲಿಲ್ಲ. ಹದಿನಾರು ಮೈಕುಗಳಿಗೆ ಸದ್ದು ಎಷ್ಟೆಷ್ಟು ಕೋನದಲ್ಲಿ ಬಂದಿದೆಯೆಂದು ನೋಡಿದರೆ ಪೀಪಾಯಿಯಿಂದ ದೂರವೆಷ್ಟೆಂದು ಗೊತ್ತಾಗುತ್ತದೆ. ಅರವತ್ತು ಮೀಟರ್. ದಿಕ್ಕು ಮಾತ್ರ ಹೇಳಲು ಬಾರದು, ಆದರೆ ಅಷ್ಟು ಸಣ್ಣ ಸುತ್ತನ್ನು ಮುಳುಗುಗಾರರು ಒಂದೇ ದಿನದಲ್ಲಿ ಹುಡುಕಿದರು. ಇಬ್ಬರು ಇಂಜಿನ್ ಕೋಣೆಯಲ್ಲಿ ಸಿಕ್ಕರು, ಅವರಲ್ಲಿ ಇಕ್ಬಾಲ ಒಬ್ಬ. ಉಳಿದ ಮೂವರು ಸಿಗಲಿಲ್ಲ. ರಾಜೀವ ಸರ್ ಮೇಲಿನವರಿಗೆ ಬರೆದ ವರದಿಯಲ್ಲಿ ಧ್ವನಿಯ ಮರುಪರಿಶೀಲನೆಯಿಂದ ಸ್ಥಳ ಪತ್ತೆಯಾಯಿತು ಎಂದಿತ್ತು. ಮೊದಲ ಪರಿಶೀಲನೆಯ ಮಾತು ಅದರಲ್ಲಿರಲಿಲ್ಲ. ಸರಪಳಿಯ ಪತ್ರ ಯಾವ ಕಡತಕ್ಕೆ ಸೇರಿತೋ, ಅದನ್ನು ಯಾರೂ ಕೇಳಲಿಲ್ಲ, ಕರುಣಾ ಹೇಳಹೋದಾಗ ರಾಜೀವ ಸರ್ ಕೇಳಿಸಿಕೊಳ್ಳಲಿಲ್ಲ.

ಮುಚ್ಚಿದ ಪೆಟ್ಟಿಗೆಯಲ್ಲಿ ಗಬ್ಬೂರಿಗೆ ಮಗನನ್ನು ತಂದರು. ನಮಾಜಾಯಿತು, ಮಣ್ಣಾಯಿತು. ಮೂರನೇ ದಿನ ಕರುಣಾ ತಂದೆಯನ್ನು ಕರೆದುಕೊಂಡು ಹೋದಳು. ಅರ್ಜುನಪ್ಪ ಮಾಸ್ತರರು ಹೊರಗೆ ಗಂಡಸರ ಜೊತೆ ಕೂತರು. ಅಂದು ಗ್ಯಾರೇಜಿನ ಬಾಗಿಲು ಹಾಕಿತ್ತು. ಕಾಸಿಮಸಾಬರು ಅವಳನ್ನು ನೋಡಿ ತಲೆಯಾಡಿಸಿದರು.

ಒಳಗೆ ಕರೀಮಾಬಿ ಗೋಡೆಗೊರಗಿ ಕೂತಿದ್ದಳು. ಇವಳೇ ಆ ಹುಡುಗಿ ಎಂದು ಯಾರೋ ಹೇಳಿದ ಕೂಡಲೇ ಕೈ ಚಾಚಿ ಹತ್ತಿರ ಕರೆದು ಕೂರಿಸಿಕೊಂಡಳು. ಅವಳ ಅಂಗೈ ರೊಟ್ಟಿ ತಟ್ಟಿ ತಟ್ಟಿ ಒರಟಾಗಿತ್ತು. ಮಗ ಬಹಳ ತ್ರಾಸು ಪಟ್ಟನೇನು ಎಂದು ಕೇಳಿದಳು.

“ಇಲ್ರಿ ಅಮ್ಮಾ” ಎಂದಳು ಕರುಣಾ. “ಹತ್ತ ನಿಮಿಷ.”

ಕರೀಮಾಬಿ ಕಣ್ಣು ಮುಚ್ಚಿ ಹತ್ತು ನಿಮಿಷ, ಹತ್ತು ನಿಮಿಷ ಎಂದು ತನಗೇ ಹೇಳಿಕೊಂಡಳು. ಗಂಡ ಹೇಳಿದ ಹಾಗೆ ಅಷ್ಟು ಹೊತ್ತೂ ಬಡಿಯುತ್ತ ಇದ್ದನೇ ಎಂದು ಕೇಳಿದಳು. ಹೌದೆಂದಳು ಕರುಣಾ. ಆಗ ಆ ತಾಯಿ ಅವಳ ಎರಡೂ ಕಿವಿಗಳನ್ನು ಅಂಗೈಯಲ್ಲಿ ಹಿಡಿದು, ಹಣೆಗೆ ಮುತ್ತಿಟ್ಟಳು.

“ಸಮುದ್ರದ ತುಂಬ ಜನಾ ಹುಡಿಕ್ಯಾಡಿದ್ರು. ಯಾರಿಗೂ ಕೇಳಲಿಲ್ಲ. ನನ್ನ ಮಗಾ ಬಡದದ್ದು ನಿನಗೊಬ್ಬಾಕಿಗೆ ಕೇಳಿಸ್ತವ್ವಾ. ಈ ಕಿವಿ ತಣ್ಣಗಿರಲಿ.”

ಕರುಣಾ ಅಲ್ಲಿಂದ ಏಳುವವರೆಗೆ ಕರೀಮಾಬಿ ಆ ಕೈಗಳನ್ನು ತೆಗೆಯಲಿಲ್ಲ.